ಲಿಂಗ ದೃಢೀಕರಣ ಚಿಕಿತ್ಸೆಗೆ ಆರೋಗ್ಯ ವಿಮೆ: ಎಲ್ಲಿದೆ, ಎಲ್ಲಿಲ್ಲ?

ಬೆಂಗಳೂರು: ಆರೋಗ್ಯ ವಿಮೆ ಮಾರುವ ಏಜೆಂಟರು ಗ್ರಾಹಕರ ಮುಂದೆ ಮೊದಲು ಹರಡುವುದು ಕಂತಿನ ಕೋಷ್ಟಕವನ್ನು. ವಯಸ್ಸು ಇಷ್ಟು, ವಿಮಾ ಮೊತ್ತ ಇಷ್ಟು, ವರ್ಷಕ್ಕೆ ಕಟ್ಟಬೇಕಾದ ಹಣ ಇಷ್ಟು. ಲಿಂಗ ದೃಢೀಕರಣ ಚಿಕಿತ್ಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ವಿಮೆ ಹುಡುಕುವವರಿಗೆ ಈ ಕೋಷ್ಟಕದಿಂದ ಏನೂ ತಿಳಿಯುವುದಿಲ್ಲ. ಅವರು ಮೊದಲು ತೆರೆಯಬೇಕಾದದ್ದು ಪಾಲಿಸಿ ದಾಖಲೆಯ ಕೊನೆಯ ಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವ ‘ಹೊರಗಿಡುವಿಕೆಗಳು’ ಎಂಬ ಪಟ್ಟಿಯನ್ನು. ಅಲ್ಲಿ ‘ಎಕ್ಸ್‌ಕ್ಲೂಷನ್’ ಎಂಬ ಇಂಗ್ಲಿಷ್ ಪದದ ಮೊದಲ ನಾಲ್ಕು ಅಕ್ಷರಗಳ ಜತೆಗೆ 07 ಎಂಬ ಸಂಖ್ಯೆ ಕಾಣಿಸಿದರೆ, ಆ ಪಾಲಿಸಿಯಿಂದ ಈ ಚಿಕಿತ್ಸೆಗೆ ಒಂದು ರೂಪಾಯಿಯೂ ಸಿಗುವುದಿಲ್ಲವೆಂದೇ ಅರ್ಥ.

ಮಾರುಕಟ್ಟೆಯಲ್ಲಿ ಹಣ ಕೊಟ್ಟು ವೈಯಕ್ತಿಕವಾಗಿ ಕೊಳ್ಳುವ ಪಾಲಿಸಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಈ ಸಂಖ್ಯೆ ಇದೆ. ಚಿಕಿತ್ಸೆಯ ವೆಚ್ಚ ಭರಿಸುವ ದಾರಿಗಳು ಮುಖ್ಯವಾಗಿ ಎರಡೇ: ಒಂದು, ಕೇಂದ್ರ ಸರ್ಕಾರದ ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ಕಾರ್ಡು, ಎರಡು, ಉದ್ಯೋಗದಾತ ಸಂಸ್ಥೆ ತನ್ನ ನೌಕರರಿಗಾಗಿ ಮಾಡಿಸುವ ಸಮೂಹ ವಿಮೆ. ಮೊದಲನೆಯದಕ್ಕೆ ಪ್ರಮಾಣಪತ್ರ ಬೇಕು, ಎರಡನೆಯದಕ್ಕೆ ನೌಕರಿ ಬೇಕು. ಇವೆರಡೂ ಇಲ್ಲದವರ ಪಾಲಿಗೆ ವಿಮೆ ಎಂಬುದು ಬೇರೆಲ್ಲ ಕಾಯಿಲೆಗಳಿಗೆ ಇದ್ದು, ತಮಗೆ ಬೇಕಾದ ಒಂದಕ್ಕೆ ಮಾತ್ರ ಇಲ್ಲದ ವಸ್ತು.

ಏನಿದು ಚಿಕಿತ್ಸೆ?

ಹುಟ್ಟಿನಲ್ಲಿ ಗುರುತಿಸಲಾದ ಲಿಂಗಕ್ಕೂ ತಾನು ಅರಿತ ಲಿಂಗಕ್ಕೂ ಹೊಂದಾಣಿಕೆ ಇಲ್ಲದವರಿಗೆ ನೀಡುವ ವೈದ್ಯಕೀಯ ನೆರವನ್ನು ಒಟ್ಟಾಗಿ ಲಿಂಗ ದೃಢೀಕರಣ ಚಿಕಿತ್ಸೆ ಎನ್ನಲಾಗುತ್ತದೆ. ಸಾಮಾನ್ಯರ ಬಾಯಲ್ಲಿ ಇದು ‘ಲಿಂಗ ಪರಿವರ್ತನೆ ಆಪರೇಷನ್’ ಎಂದಷ್ಟೇ ಇದ್ದರೂ ಶಸ್ತ್ರಚಿಕಿತ್ಸೆ ಅದರ ಒಂದು ಭಾಗ ಮಾತ್ರ. ಮನೋವೈದ್ಯರ ಆಪ್ತಸಮಾಲೋಚನೆ, ವರ್ಷಗಟ್ಟಲೆ ನಡೆಯುವ ಹಾರ್ಮೋನು ಚಿಕಿತ್ಸೆ, ಅದರ ಪರಿಣಾಮ ತಿಳಿಯಲು ಆಗಾಗ ಮಾಡಿಸುವ ರಕ್ತಪರೀಕ್ಷೆ, ಟ್ರಾನ್ಸ್ ಮಹಿಳೆಯರಿಗೆ ಮುಖದ ರೋಮ ತೆಗೆಯುವ ಲೇಸರ್, ಟ್ರಾನ್ಸ್ ಪುರುಷರಿಗೆ ಸ್ತನ ಹಾಗೂ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆ, ಜನನಾಂಗದ ಪುನರ್ರಚನೆ, ಇವೆಲ್ಲ ಇದರಲ್ಲಿ ಸೇರುತ್ತವೆ. ಎಲ್ಲರಿಗೂ ಎಲ್ಲವೂ ಬೇಕೆಂದಿಲ್ಲ. ಕೆಲವರು ಹಾರ್ಮೋನಿಗೇ ನಿಲ್ಲಿಸುತ್ತಾರೆ, ಕೆಲವರು ಯಾವ ಚಿಕಿತ್ಸೆಯನ್ನೂ ಬಯಸುವುದಿಲ್ಲ.

ಇದು ಸೌಂದರ್ಯವರ್ಧಕ ಚಿಕಿತ್ಸೆಯೇ, ಅಗತ್ಯದ ಚಿಕಿತ್ಸೆಯೇ ಎಂಬ ಪ್ರಶ್ನೆಯ ಮೇಲೆಯೇ ವಿಮೆಯ ವಿವಾದ ನಿಂತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳು 2019ರ ಮೇ ತಿಂಗಳಲ್ಲಿ ಅಂಗೀಕರಿಸಿ, 2022ರ ಜನವರಿ 1ರಿಂದ ಜಾರಿಗೆ ಬಂದ ರೋಗ ವರ್ಗೀಕರಣದ 11ನೇ ಆವೃತ್ತಿಯು ಈ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಸೇರಿಸಿತು. ಪಟ್ಟಿಯಿಂದಲೇ ತೆಗೆದುಹಾಕಲಿಲ್ಲ ಎಂಬುದು ಗಮನಾರ್ಹ. ವರ್ಗೀಕರಣದಲ್ಲಿ ಒಂದು ಸಂಕೇತ ಇಲ್ಲದಿದ್ದರೆ ಚಿಕಿತ್ಸೆಗೆ ಹಣ ಕೊಡುವವರೂ ಇರುವುದಿಲ್ಲ ಎಂಬುದು ಅದಕ್ಕೆ ಒಂದು ಕಾರಣ.

ಒಂದೇ ವರ್ಷ, ಎರಡು ದಾಖಲೆ

ಸುಪ್ರೀಂ ಕೋರ್ಟು 2014ರ ಏಪ್ರಿಲ್ 15ರಂದು ‘ನಾಲ್ಸಾ’ ಪ್ರಕರಣದ ತೀರ್ಪಿನಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಮಾನ್ಯ ಮಾಡಿ, ಅವರಿಗೆ ಆಸ್ಪತ್ರೆಗಳಲ್ಲಿ ಸೂಕ್ತ ವೈದ್ಯಕೀಯ ಆರೈಕೆ ಒದಗಿಸುವಂತೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳಿಗೆ ಸೂಚಿಸಿತು. ಐದು ವರ್ಷಗಳ ನಂತರ ಬಂದ ‘ಲಿಂಗತ್ವ ಅಲ್ಪಸಂಖ್ಯಾತ ವ್ಯಕ್ತಿಗಳ (ಹಕ್ಕುಗಳ ಸಂರಕ್ಷಣೆ) ಕಾಯ್ದೆ, 2019’ ರಾಷ್ಟ್ರಪತಿಗಳ ಅಂಕಿತ ಪಡೆದದ್ದು ಆ ವರ್ಷದ ಡಿಸೆಂಬರ್ 5ರಂದು, ಜಾರಿಗೆ ಬಂದದ್ದು 2020ರ ಜನವರಿ 10ರಂದು. ಇದರ 15ನೇ ಕಲಮು ಆರೋಗ್ಯಕ್ಕೆ ಸಂಬಂಧಿಸಿದ್ದು. ಶಸ್ತ್ರಚಿಕಿತ್ಸೆ ಮತ್ತು ಹಾರ್ಮೋನು ಚಿಕಿತ್ಸೆಯ ಸೌಲಭ್ಯ ಒದಗಿಸಬೇಕು, ಅದಕ್ಕೆ ಮುನ್ನ ಮತ್ತು ನಂತರ ಆಪ್ತಸಮಾಲೋಚನೆ ಇರಬೇಕು ಎಂದು ಹೇಳುತ್ತ ಹೋಗಿ, ಕೊನೆಯ ಉಪಕಲಮಿನಲ್ಲಿ ಶಸ್ತ್ರಚಿಕಿತ್ಸೆ, ಹಾರ್ಮೋನು, ಲೇಸರ್ ಹಾಗೂ ಇತರ ಆರೋಗ್ಯ ಸಮಸ್ಯೆಗಳ ವೆಚ್ಚ ಭರಿಸುವ ಸಮಗ್ರ ವಿಮಾ ಯೋಜನೆಯೊಂದನ್ನು ಸರ್ಕಾರ ಕಲ್ಪಿಸಬೇಕೆಂದು ಅದು ವಿಧಿಸಿತು.

ಇದಕ್ಕೆ ಕೇವಲ ಹತ್ತು ವಾರ ಮೊದಲು, ಅದೇ 2019ರ ಸೆಪ್ಟೆಂಬರ್ 27ರಂದು, ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ (ಐಆರ್‌ಡಿಎಐ) ಇನ್ನೊಂದು ದಾಖಲೆ ಹೊರಡಿಸಿತ್ತು. ಕಂಪನಿಗೊಂದು ಬಗೆಯಲ್ಲಿ ಬರೆಯುತ್ತಿದ್ದ ಹೊರಗಿಡುವಿಕೆಯ ಷರತ್ತುಗಳನ್ನು ಏಕರೂಪಗೊಳಿಸುವುದು ಅದರ ಉದ್ದೇಶ. ಗ್ರಾಹಕರ ದೃಷ್ಟಿಯಿಂದ ಅದೊಂದು ಒಳ್ಳೆಯ ಮಾರ್ಗಸೂಚಿಯೇ. ಮಾನಸಿಕ ಕಾಯಿಲೆ, ಆನುವಂಶಿಕ ಕಾಯಿಲೆ, ಮುಟ್ಟು ನಿಲ್ಲುವ ಕಾಲದ ತೊಂದರೆಗಳು ಮುಂತಾದವನ್ನು ವಿಮೆಯಿಂದ ಹೊರಗಿಡಕೂಡದು ಎಂದು ಅದು ಕಟ್ಟಪ್ಪಣೆ ಮಾಡಿತು. ಆದರೆ ಹೊರಗಿಡಲು ಅವಕಾಶವಿರುವ ಸಂಗತಿಗಳ ಪಟ್ಟಿಯಲ್ಲಿ ಏಳನೆಯದಾಗಿ ‘ಲಿಂಗ ಬದಲಾವಣೆ ಚಿಕಿತ್ಸೆ’ಯನ್ನು ಇಟ್ಟು, ಅದಕ್ಕೊಂದು ಸಿದ್ಧ ವಾಕ್ಯವನ್ನೂ ಕೊಟ್ಟಿತು. ದೇಹದ ಲಕ್ಷಣಗಳನ್ನು ವಿರುದ್ಧ ಲಿಂಗದ ಲಕ್ಷಣಗಳಿಗೆ ಬದಲಿಸುವ ಯಾವುದೇ ಚಿಕಿತ್ಸೆಯ, ಶಸ್ತ್ರಕ್ರಿಯೆಯೂ ಸೇರಿದಂತೆ, ವೆಚ್ಚವನ್ನು ಕೊಡಲಾಗದು ಎಂಬುದು ಅದರ ತಾತ್ಪರ್ಯ. ಪಟ್ಟಿಯಲ್ಲಿ ಅದರ ಹಿಂದಿರುವುದು ಬೊಜ್ಜು ನಿಯಂತ್ರಣ, ಮುಂದಿರುವುದು ಸೌಂದರ್ಯವರ್ಧಕ ಶಸ್ತ್ರಚಿಕಿತ್ಸೆ. ಇವೆರಡರಲ್ಲೂ ವಿನಾಯಿತಿಗಳಿವೆ. ಬೊಜ್ಜಿನ ಶಸ್ತ್ರಚಿಕಿತ್ಸೆಗೆ ನಿಗದಿತ ವೈದ್ಯಕೀಯ ಮಾನದಂಡ ಪೂರೈಸಿದವರಿಗೆ ಹಣ ಸಿಗುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಪುನರ್ರಚನೆಗೂ ಸಿಗುತ್ತದೆ. ಏಳನೆಯ ಷರತ್ತಿಗೆ ಮಾತ್ರ ‘ಆದರೆ’ ಎಂಬುದೇ ಇಲ್ಲ.

ಈ ವಾಕ್ಯವನ್ನು ಪಾಲಿಸಿಯಲ್ಲಿ ಸೇರಿಸಲೇಬೇಕೆಂದು ಪ್ರಾಧಿಕಾರ ಹೇಳಿರಲಿಲ್ಲ. ಹೊರಗಿಡುವುದಾದರೆ ಹೀಗೆಯೇ ಬರೆಯಬೇಕು ಎಂದಷ್ಟೇ ಅದರ ಸೂಚನೆ. ಆದರೆ ಅವಕಾಶ ಸಿಕ್ಕಿದ ಮೇಲೆ ಕಂಪನಿಗಳು ಬಿಡಲಿಲ್ಲ. ಎಲ್ಲ ಕಂಪನಿಗಳೂ ಮಾರಬೇಕೆಂದು ಪ್ರಾಧಿಕಾರವೇ 2020ರಲ್ಲಿ ರೂಪಿಸಿದ ‘ಆರೋಗ್ಯ ಸಂಜೀವಿನಿ’ ಪಾಲಿಸಿಯಲ್ಲೂ ಇದೇ ಷರತ್ತು ಇದೆ. 2024ರಲ್ಲಿ ಆರೋಗ್ಯ ವಿಮೆಯ ನಿಯಮಗಳು ವ್ಯಾಪಕವಾಗಿ ಪರಿಷ್ಕೃತಗೊಂಡು ಗ್ರಾಹಕರಿಗೆ ಹಲವು ಅನುಕೂಲಗಳಾದರೂ ಪಾಲಿಸಿ ಪಠ್ಯಗಳಲ್ಲಿ ಈ ವಾಕ್ಯ ಹಾಗೆಯೇ ಉಳಿದುಕೊಂಡು ಬಂದಿತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇ 18ರ ಜಿಎಸ್‌ಟಿ ರದ್ದಾಗಿ ಕಂತು ಅಗ್ಗವಾಯಿತು. ಹೊರಗಿಟ್ಟದ್ದು ಒಳಗೆ ಬರಲಿಲ್ಲ.

ಟಿಜಿ ಪ್ಲಸ್ ಕಾರ್ಡು

ಕಾಯ್ದೆಯಲ್ಲಿ ಹೇಳಿದ ವಿಮಾ ಯೋಜನೆಗೆ ರೂಪ ಬಂದದ್ದು 2022ರಲ್ಲಿ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ ಆ ವರ್ಷದ ಫೆಬ್ರುವರಿ 12ರಂದು ‘ಸ್ಮೈಲ್’ ಯೋಜನೆಯನ್ನು ಆರಂಭಿಸಿತು. ಅದರ ಭಾಗವಾಗಿ ಆಗಸ್ಟ್ 24ರಂದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿ ‘ಆಯುಷ್ಮಾನ್ ಭಾರತ್ ಟಿಜಿ ಪ್ಲಸ್’ ಎಂಬ ವಿಸ್ತರಣೆಯನ್ನು ಘೋಷಿಸಿತು. ಒಬ್ಬ ವ್ಯಕ್ತಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದರ ಮಿತಿ. ಸಾಮಾನ್ಯ ಆಯುಷ್ಮಾನ್ ಕಾರ್ಡಿನ ಎಲ್ಲ ಚಿಕಿತ್ಸೆಗಳ ಜತೆಗೆ ಲಿಂಗ ಪರಿವರ್ತನೆ ಶಸ್ತ್ರಚಿಕಿತ್ಸೆ ಮತ್ತು ಅದಕ್ಕೆ ಸಂಬಂಧಿಸಿದ ಚಿಕಿತ್ಸೆಯ ವಿಶೇಷ ಪ್ಯಾಕೇಜುಗಳು ಇದರಲ್ಲಿ ಸೇರಿದವು. ಹಣ ಕೊಡುವ ಹೊಣೆ ಸಾಮಾಜಿಕ ನ್ಯಾಯ ಇಲಾಖೆಯದು.

ಈ ಯೋಜನೆಯ ನಿಜವಾದ ಮಹತ್ವ ಮೊತ್ತದಲ್ಲಿಲ್ಲ, ‘ಒಬ್ಬ ವ್ಯಕ್ತಿಗೆ’ ಎಂಬ ಮಾತಿನಲ್ಲಿದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಮೂಲತಃ ಕುಟುಂಬದ ಲೆಕ್ಕದ್ದು. ಕರ್ನಾಟಕದಲ್ಲಿ ಅದು ‘ಆರೋಗ್ಯ ಕರ್ನಾಟಕ’ದೊಂದಿಗೆ ಸೇರಿಕೊಂಡಿದ್ದು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜು ದರದ ಶೇ 30ರಷ್ಟು ನೆರವು ಎಂಬ ಲೆಕ್ಕದಲ್ಲಿ ಪಡಿತರ ಚೀಟಿಯನ್ನೇ ಆಧಾರವಾಗಿಟ್ಟುಕೊಂಡು ರೂಪುಗೊಂಡಿತು. ಮನೆಯವರು ಹೊರಹಾಕಿದ, ಇಲ್ಲವೇ ಊರು ಬಿಟ್ಟು ಬಂದು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಜಮಾತಿನ ಹಿರಿಯರ ಆಸರೆಯಲ್ಲಿರುವವರ ಹೆಸರು ಯಾವ ಪಡಿತರ ಚೀಟಿಯಲ್ಲಿರಬೇಕು? ತವರಿನ ಚೀಟಿಯಲ್ಲಿ ಹೆಸರಿದ್ದರೂ ಅದು ಹಳೆಯ ಹೆಸರು, ಹಳೆಯ ಲಿಂಗ. ಗುರು-ಚೇಲಾ ಸಂಬಂಧವನ್ನು ಯಾವ ವಿಮೆಯೂ ಕುಟುಂಬವೆಂದು ಎಣಿಸುವುದಿಲ್ಲ. ವ್ಯಕ್ತಿಯನ್ನೇ ಘಟಕವೆಂದು ಹಿಡಿದ ಟಿಜಿ ಪ್ಲಸ್ ಈ ತೊಡಕನ್ನು ಒಂದೇ ಏಟಿಗೆ ದಾಟಿತು.

ಆದರೆ ಆ ಬಾಗಿಲಿನ ಬೀಗದ ಕೈ ಇನ್ನೊಂದಿದೆ. ಕಾರ್ಡಿಗೆ ಅರ್ಹತೆ ಎಂದರೆ ರಾಷ್ಟ್ರೀಯ ಪೋರ್ಟಲ್ ಮೂಲಕ ಪಡೆದ ಲಿಂಗತ್ವ ಗುರುತಿನ ಪ್ರಮಾಣಪತ್ರ. 2020ರ ನವೆಂಬರಿನಲ್ಲಿ ಈ ಪೋರ್ಟಲ್ ಆರಂಭವಾದಾಗ ಇದ್ದ ನಿಯಮದಂತೆ ಅರ್ಜಿ ಮತ್ತು ಪ್ರಮಾಣಪತ್ರಿಕೆ (ಅಫಿಡವಿಟ್) ಸಲ್ಲಿಸಿದವರಿಗೆ ಜಿಲ್ಲಾಧಿಕಾರಿ 30 ದಿನಗಳೊಳಗೆ ಪ್ರಮಾಣಪತ್ರ ನೀಡಬೇಕಿತ್ತು. ಶಸ್ತ್ರಚಿಕಿತ್ಸೆಯ ಬಳಿಕ ‘ಪುರುಷ’ ಅಥವಾ ‘ಮಹಿಳೆ’ ಎಂದು ಪರಿಷ್ಕೃತ ಪ್ರಮಾಣಪತ್ರ ಬೇಕಾದವರು ಆಸ್ಪತ್ರೆಯ ವೈದ್ಯಕೀಯ ಅಧೀಕ್ಷಕರ ಪತ್ರದೊಂದಿಗೆ ಮತ್ತೆ ಅರ್ಜಿ ಹಾಕಬೇಕಿತ್ತು. ಈ ವಿಧಾನಗಳು ಕಾಲಕಾಲಕ್ಕೆ ತಿದ್ದುಪಡಿಗೆ ಒಳಪಡುವಂಥವು. ಆದ್ದರಿಂದ ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ನಿಯಮವನ್ನು ಜಿಲ್ಲಾಧಿಕಾರಿ ಕಚೇರಿಯಲ್ಲೇ ಕೇಳಿ ತಿಳಿದುಕೊಳ್ಳುವುದು ಲೇಸು.

2011ರ ಜನಗಣತಿಯಲ್ಲಿ ‘ಇತರೆ’ ಎಂದು ಬರೆಸಿದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266. ಅಂದು ಬರೆಸಲು ಅಂಜಿದವರು ಎಷ್ಟೋ. ಪ್ರಮಾಣಪತ್ರ ಪಡೆಯುವುದೆಂದರೆ ಸರ್ಕಾರಿ ದಾಖಲೆಯಲ್ಲಿ ತನ್ನನ್ನು ತಾನು ಪ್ರಕಟಿಸಿಕೊಳ್ಳುವುದು. ಮನೆಯಲ್ಲಿ ಹೇಳಿಕೊಳ್ಳದ ಟ್ರಾನ್ಸ್ ಪುರುಷನೊಬ್ಬನಿಗೆ ಆಪರೇಷನ್ನಿನ ಭಯಕ್ಕಿಂತ ಮನೆಯ ವಿಳಾಸಕ್ಕೆ ಬರಬಹುದಾದ ಈ ಕಾಗದದ ಭಯವೇ ದೊಡ್ಡದಿರಬಹುದು.

ಆಸ್ಪತ್ರೆಯ ಮೆಟ್ಟಿಲಲ್ಲಿ

ಕಾರ್ಡು ಕೈಗೆ ಬಂದ ಮೇಲಿನ ದಾರಿಯೂ ನೇರವಲ್ಲ. ಟಿಜಿ ಪ್ಲಸ್ ಪ್ಯಾಕೇಜಿಗೆ ನೋಂದಾಯಿತವಾದ ಆಸ್ಪತ್ರೆಯಲ್ಲಿ ಮಾತ್ರ ಅದು ನಡೆಯುತ್ತದೆ. ಸಾಮಾನ್ಯ ಆಯುಷ್ಮಾನ್ ಚಿಕಿತ್ಸೆಗೆ ನೋಂದಾಯಿತವಾದ ಆಸ್ಪತ್ರೆ ಇದಕ್ಕೂ ನೋಂದಾಯಿತವಾಗಿರಬೇಕೆಂದಿಲ್ಲ. ಜನನಾಂಗದ ಪುನರ್ರಚನೆಗೆ ಪ್ಲಾಸ್ಟಿಕ್ ಸರ್ಜನ್, ಮೂತ್ರರೋಗ ತಜ್ಞ, ಸ್ತ್ರೀರೋಗ ತಜ್ಞ, ಅಂತಃಸ್ರಾವ ತಜ್ಞ, ಮನೋವೈದ್ಯ ಎಲ್ಲರೂ ಒಂದೆಡೆ ಇರಬೇಕು. ಅಂಥ ತಂಡವುಳ್ಳ ಆಸ್ಪತ್ರೆಗಳು ದೊಡ್ಡ ನಗರಗಳಲ್ಲೂ ಬೆರಳೆಣಿಕೆಯವು. ಪ್ಯಾಕೇಜಿನ ದರ ಮತ್ತು ಖಾಸಗಿ ಆಸ್ಪತ್ರೆ ಕೇಳುವ ದರದ ನಡುವೆ ಅಂತರವಿದ್ದಲ್ಲಿ ಆಸ್ಪತ್ರೆಗಳು ಯೋಜನೆಗೆ ಸೇರಲು ಉತ್ಸಾಹ ತೋರುವುದಿಲ್ಲ ಎಂಬುದು ಎಲ್ಲ ಸರ್ಕಾರಿ ವಿಮೆಗಳ ಅನುಭವ. ಇಲ್ಲಿ ಅದರ ಪೆಟ್ಟು ಇನ್ನೂ ಜೋರು.

ಆದ್ದರಿಂದ ಊರಿನಿಂದ ಹೊರಡುವ ಮುನ್ನ ಮೂರು ವಿಷಯ ಖಚಿತಪಡಿಸಿಕೊಳ್ಳಬೇಕು: ಆಸ್ಪತ್ರೆ ಟಿಜಿ ಪ್ಲಸ್‌ಗೆ ನೋಂದಾಯಿತವೇ, ತಮಗೆ ಬೇಕಾದ ನಿರ್ದಿಷ್ಟ ಶಸ್ತ್ರಚಿಕಿತ್ಸೆ ಅಲ್ಲಿನ ಪಟ್ಟಿಯಲ್ಲಿದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ. ಆರೋಗ್ಯ ಕರ್ನಾಟಕದಲ್ಲಿ ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಪಡೆಯುವ ಪದ್ಧತಿ ಯೋಜನೆಯ ಆರಂಭದಿಂದಲೂ ಬಂದದ್ದು. ರಾಜ್ಯದಲ್ಲಿ ಯೋಜನೆಯ ನಿರ್ವಹಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ನೋಂದಾಯಿತ ಆಸ್ಪತ್ರೆಗಳಲ್ಲಿ ಅದರ ಪರವಾಗಿ ‘ಆರೋಗ್ಯ ಮಿತ್ರ’ರು ಕುಳಿತಿರುತ್ತಾರೆ. ಆಯುಷ್ಮಾನ್ ಸಹಾಯವಾಣಿ 14555, ರಾಜ್ಯದ ಆರೋಗ್ಯ ಸಹಾಯವಾಣಿ 104. ಸ್ಮೈಲ್ ಯೋಜನೆಯನ್ನು ಘೋಷಿಸಿದಾಗ ಅದರ ಅವಧಿ 2021-22ರಿಂದ 2025-26ರವರೆಗೆ ಎಂದಿದ್ದುದರಿಂದ ದಾಖಲಾಗುವ ದಿನಕ್ಕೆ ಮಂಜೂರಾತಿ ಇದೆಯೇ ಎಂಬುದನ್ನೂ ಇದೇ ಸಂಖ್ಯೆಗಳಲ್ಲಿ ಕೇಳಬೇಕು.

ಮಂಜೂರಾತಿ ದೊರೆತರೆ ಸಿಗುವ ಅನುಕೂಲ ಸಣ್ಣದಲ್ಲ. ಖಾಸಗಿ ಪಾಲಿಸಿಗಳಂತೆ ಇಲ್ಲಿ ಕಾಯುವ ಅವಧಿ ಇಲ್ಲ, ಹಳೆಯ ಕಾಯಿಲೆ ಎಂಬ ತಕರಾರಿಲ್ಲ, ಕಂತೂ ಇಲ್ಲ. ಪ್ಯಾಕೇಜಿನೊಳಗಿನ ಚಿಕಿತ್ಸೆಗೆ ರೋಗಿಯಿಂದ ಪ್ರತ್ಯೇಕವಾಗಿ ಹಣ ಕೇಳುವಂತಿಲ್ಲ.

ನೆರೆ ರಾಜ್ಯಗಳಲ್ಲಿ ಬೇರೆ ದಾರಿ ಹಿಡಿದದ್ದೂ ಉಂಟು. ತಮಿಳುನಾಡು 2008ರಲ್ಲೇ ಕಲ್ಯಾಣ ಮಂಡಳಿ ಸ್ಥಾಪಿಸಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಶಸ್ತ್ರಚಿಕಿತ್ಸೆಗೆ ಕೈಹಾಕಿತು. ಕೇರಳವು ವಿಮೆಯ ಗೊಡವೆಗೆ ಹೋಗದೆ, ಖರ್ಚಾದ ಹಣವನ್ನು ಮರಳಿ ಕೊಡುವ ಯೋಜನೆಯಡಿ ಟ್ರಾನ್ಸ್ ಪುರುಷರಿಗೆ 5 ಲಕ್ಷ, ಟ್ರಾನ್ಸ್ ಮಹಿಳೆಯರಿಗೆ 2.5 ಲಕ್ಷ ರೂಪಾಯಿವರೆಗೆ ನೆರವು ನಿಗದಿಪಡಿಸಿತು. ಕರ್ನಾಟಕ 2017ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರ ರಾಜ್ಯ ನೀತಿಯನ್ನು ಒಪ್ಪಿತು, 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಶೇ 1ರಷ್ಟು ಸಮತಲ ಮೀಸಲಾತಿ ಕೊಟ್ಟ ಮೊದಲ ರಾಜ್ಯವೂ ಆಯಿತು.

ಕಂಪನಿಯ ಸಮೂಹ ವಿಮೆ

ಎರಡನೆಯ ದಾರಿ ನೌಕರಿಯದು. ವೈಯಕ್ತಿಕ ಪಾಲಿಸಿಯ ಪಠ್ಯವನ್ನು ಗ್ರಾಹಕ ತಿದ್ದಲಾರ. ಆದರೆ ಸಾವಿರಾರು ನೌಕರರ ಕಂತು ಕಟ್ಟುವ ಸಂಸ್ಥೆ ವಿಮಾ ಕಂಪನಿಯೊಂದಿಗೆ ಕುಳಿತು ಷರತ್ತುಗಳನ್ನು ಚೌಕಾಸಿ ಮಾಡಬಲ್ಲದು. ಹೆರಿಗೆ ವೆಚ್ಚ, ಮೊದಲ ದಿನದಿಂದಲೇ ಹಳೆಯ ಕಾಯಿಲೆಗೆ ರಕ್ಷಣೆ ಇವೆಲ್ಲ ಸಮೂಹ ವಿಮೆಗೆ ಬಂದದ್ದು ಹೀಗೆ. ಅದೇ ರೀತಿ ಏಳನೆಯ ಷರತ್ತನ್ನು ಕೈಬಿಡಿಸಿಕೊಂಡ ಸಂಸ್ಥೆಗಳೂ ಇವೆ. ಬೆಂಗಳೂರಿನಲ್ಲಿ ಕಚೇರಿಯುಳ್ಳ ಬಹುರಾಷ್ಟ್ರೀಯ ಐಟಿ ಮತ್ತು ಹಣಕಾಸು ಕಂಪನಿಗಳಲ್ಲಿ ಇದು ಹೆಚ್ಚು.

ನೌಕರಿಗೆ ಸೇರುವಾಗ ಮಾನವ ಸಂಪನ್ಮೂಲ ವಿಭಾಗ ಕೊಡುವ ನಾಲ್ಕು ಪುಟದ ಬಣ್ಣದ ಕೈಪಿಡಿಯನ್ನು ನಂಬಿ ಕೂರಬಾರದು. ಕೇಳಬೇಕಾದದ್ದು ಮೂಲ ಪಾಲಿಸಿಯನ್ನು ಮತ್ತು ಅದಕ್ಕೆ ಅಂಟಿಸಿದ ‘ಎಂಡಾರ್ಸ್‌ಮೆಂಟ್’ ಹಾಳೆಗಳನ್ನು. ‘ಒಳಗೊಂಡಿದೆ’ ಎಂಬ ಒಂದು ಪದದ ಹಿಂದೆ ಹಲವು ಮಿತಿಗಳಿರಬಹುದು. ವಿಮಾ ಮೊತ್ತ 5 ಲಕ್ಷವಿದ್ದು ಈ ಚಿಕಿತ್ಸೆಗೆ ಉಪಮಿತಿ 1 ಲಕ್ಷ ಇದ್ದರೆ? ಜನನಾಂಗದ ಶಸ್ತ್ರಚಿಕಿತ್ಸೆಗೆ ಕೊಟ್ಟು, ಸ್ತನ ಅಥವಾ ಮುಖದ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯವರ್ಧಕವೆಂದು ಎಂಟನೆಯ ಷರತ್ತಿನಡಿ ತಳ್ಳಿಹಾಕಿದರೆ? ಏಳನೆಯದನ್ನು ಬಿಟ್ಟು ಎಂಟನೆಯದನ್ನು ಉಳಿಸಿಕೊಂಡ ಪಾಲಿಸಿ ಅರ್ಧ ಪಾಲಿಸಿ. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಳ ಮೇಲೆ ಕಾಣಿಸಿಕೊಳ್ಳಬಹುದಾದ ಮೂತ್ರನಾಳದ ಸಂಕೋಚದಂಥ ತೊಂದರೆಗೆ ಹಣ ಸಿಗುತ್ತದೆಯೇ ಎಂಬುದನ್ನೂ ಇಮೇಲ್ ಮೂಲಕ ಕೇಳಿ, ಉತ್ತರವನ್ನು ಇಟ್ಟುಕೊಳ್ಳಬೇಕು. ಮಾತಿನಲ್ಲಿ ಕೊಟ್ಟ ಭರವಸೆ ಕ್ಲೇಮಿನ ಹೊತ್ತಿಗೆ ಎಲ್ಲಿಯೂ ಇರುವುದಿಲ್ಲ.

ವಿಭಾಗದವರನ್ನು ಕೇಳಿದರೆ ಗುಟ್ಟು ಬಯಲಾಗುತ್ತದೆಂಬ ಅಂಜಿಕೆ ಸಹಜ. ಇಂಥವರು ಕ್ಲೇಮು ನಿರ್ವಹಿಸುವ ಟಿಪಿಎ ಸಂಸ್ಥೆಯ ಸಹಾಯವಾಣಿಗೆ ಪಾಲಿಸಿ ಸಂಖ್ಯೆ ಹೇಳಿ ‘ಹೊರಗಿಡುವಿಕೆ ಪಟ್ಟಿ ಕಳುಹಿಸಿ’ ಎಂದಷ್ಟೇ ಕೇಳಬಹುದು. ಕಾರಣ ಹೇಳಬೇಕಾಗಿಲ್ಲ.

ಪೂರ್ವಾನುಮತಿಗೆ ಮನೋವೈದ್ಯರ ಪತ್ರ, ಹಾರ್ಮೋನು ಚಿಕಿತ್ಸೆಯ ದಾಖಲೆ, ಸರ್ಜನ್ನರ ಅಂದಾಜು ಪಟ್ಟಿ ಬೇಕಾಗುತ್ತವೆ. ಜನನಾಂಗದ ಶಸ್ತ್ರಚಿಕಿತ್ಸೆಗೆ ಇಬ್ಬರು ಮಾನಸಿಕ ಆರೋಗ್ಯ ತಜ್ಞರ ಪತ್ರ ಕೇಳುವ ರೂಢಿ ಬಹಳ ಕಡೆ ಇದೆ. 2022ರ ಸೆಪ್ಟೆಂಬರಿನಲ್ಲಿ ಬಂದ ‘ಡಬ್ಲ್ಯುಪಾತ್’ ಅಂತರರಾಷ್ಟ್ರೀಯ ಮಾರ್ಗಸೂಚಿಯ ಎಂಟನೇ ಆವೃತ್ತಿ ಒಂದೇ ಪತ್ರ ಸಾಕೆಂದಿದ್ದರೂ ಎರಡನ್ನು ಸಿದ್ಧವಿಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ.

ಸಮೂಹ ವಿಮೆಯ ದೊಡ್ಡ ದೋಷ ಅದು ನೌಕರಿಯೊಂದಿಗೇ ಹೋಗುವುದು. ಕೆಲಸ ಬಿಟ್ಟವರು ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ, ಆದರೆ ಚೌಕಾಸಿಯಿಂದ ಪಡೆದ ವಿನಾಯಿತಿ ಜತೆಗೆ ಬರುವುದಿಲ್ಲ; ಹೊಸ ಪಾಲಿಸಿಯಲ್ಲಿ ಏಳನೆಯ ಷರತ್ತು ಮತ್ತೆ ಹಾಜರು. ಎರಡು ಮೂರು ಹಂತಗಳಲ್ಲಿ ನಡೆಯುವ ಶಸ್ತ್ರಚಿಕಿತ್ಸೆಯ ಮೊದಲ ಹಂತ ಮುಗಿದು ಎರಡನೆಯದಕ್ಕೆ ಮುನ್ನ ಕೆಲಸ ಹೋದರೆ ಉಳಿದದ್ದೆಲ್ಲ ಸ್ವಂತ ಖರ್ಚು. ಕಂಪನಿ ವರ್ಷಕ್ಕೊಮ್ಮೆ ಪಾಲಿಸಿ ನವೀಕರಿಸುವಾಗ ಷರತ್ತು ಬದಲಾಗುವ ಸಂಭವವೂ ಇದೆ.

ಹಾರ್ಮೋನಿನ ಖರ್ಚು

ಶಸ್ತ್ರಚಿಕಿತ್ಸೆಯ ಮಾತು ಜೋರಾದಷ್ಟೂ ಹಾರ್ಮೋನಿನ ಮಾತು ಹಿಂದೆ ಬೀಳುತ್ತದೆ. ವಾಸ್ತವದಲ್ಲಿ ಹೆಚ್ಚು ಜನರಿಗೆ, ಹೆಚ್ಚು ಕಾಲ ಬೇಕಾದದ್ದು ಅದೇ. ಭಾರತದ ಆರೋಗ್ಯ ವಿಮೆ ಮೂಲತಃ ಆಸ್ಪತ್ರೆಗೆ ದಾಖಲಾದವರ ವಿಮೆ. ಹೊರರೋಗಿಯಾಗಿ ವೈದ್ಯರನ್ನು ಕಂಡು, ಔಷಧಿ ಅಂಗಡಿಯಲ್ಲಿ ಮಾತ್ರೆ ಕೊಂಡು, ಲ್ಯಾಬಿನಲ್ಲಿ ರಕ್ತ ಕೊಟ್ಟ ಖರ್ಚಿಗೆ ಏಳನೆಯ ಷರತ್ತು ಇಲ್ಲದಿದ್ದರೂ ಹಣ ಬರುವುದಿಲ್ಲ. ಪ್ರತ್ಯೇಕ ‘ಒಪಿಡಿ’ ಸೌಲಭ್ಯವುಳ್ಳ ಪಾಲಿಸಿಗಳಲ್ಲಿ ಮಾತ್ರ ಒಂದಿಷ್ಟು ಸಿಗಬಹುದು. ಲೇಸರ್ ಚಿಕಿತ್ಸೆಯ ಕಥೆಯೂ ಇದೇ.

ಖರ್ಚು ತಾಳಲಾರದೆ ಗೆಳೆಯರು ಹೇಳಿದ ಗರ್ಭನಿರೋಧಕ ಮಾತ್ರೆಗಳನ್ನೋ ಚುಚ್ಚುಮದ್ದನ್ನೋ ತಾವಾಗಿಯೇ ತೆಗೆದುಕೊಳ್ಳುವವರಿದ್ದಾರೆ. ಇದು ಅಪಾಯಕಾರಿ. ಈಸ್ಟ್ರೋಜನ್‌ನಿಂದ ರಕ್ತ ಹೆಪ್ಪುಗಟ್ಟುವ ಅಪಾಯ, ಟೆಸ್ಟೋಸ್ಟೆರಾನ್‌ನಿಂದ ರಕ್ತಕಣಗಳ ಪ್ರಮಾಣ ಮಿತಿಮೀರುವ ಅಪಾಯ ಇರುವುದರಿಂದಲೇ ವೈದ್ಯರು ನಿಯತ ಪರೀಕ್ಷೆಗೆ ಒತ್ತಾಯಿಸುತ್ತಾರೆ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಅಂತಃಸ್ರಾವ ವಿಭಾಗ ಇರುವಲ್ಲಿ ಕಡಿಮೆ ಖರ್ಚಿನಲ್ಲಿ ಈ ನಿಗಾ ಸಾಧ್ಯ. ವಿದೇಶಿ ನೆರವಿನ ಕ್ಲಿನಿಕ್ಕುಗಳನ್ನೇ ನೆಚ್ಚಿಕೊಳ್ಳುವುದು ಎಷ್ಟು ಅಸ್ಥಿರ ಎಂಬುದಕ್ಕೆ ಹೈದರಾಬಾದಿನ ‘ಮಿತ್ರ್’ ಕ್ಲಿನಿಕ್ ಉದಾಹರಣೆ. 2021ರಲ್ಲಿ ಅಮೆರಿಕದ ನೆರವಿನಿಂದ ಆರಂಭವಾದ ಅದು 2025ರ ಜನವರಿಯಲ್ಲಿ ಆ ನೆರವು ಸ್ಥಗಿತಗೊಂಡೊಡನೆ ಮುಚ್ಚಿತು.

ವೈಯಕ್ತಿಕ ಪಾಲಿಸಿ ವ್ಯರ್ಥವೇ?

ಇಷ್ಟೆಲ್ಲ ಓದಿದ ಮೇಲೆ ಸ್ವಂತ ಪಾಲಿಸಿ ಯಾಕೆ ಬೇಕು ಎಂಬ ಪ್ರಶ್ನೆ ಏಳಬಹುದು. ಬೇಕು. ಲಿಂಗತ್ವ ಅಲ್ಪಸಂಖ್ಯಾತರಿಗೂ ಡೆಂಗಿ ಬರುತ್ತದೆ, ಅಪಘಾತವಾಗುತ್ತದೆ, ಹೃದಯದ ತೊಂದರೆ ಬರುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಮಾನಸಿಕ ಕಾಯಿಲೆಗೆ ದೈಹಿಕ ಕಾಯಿಲೆಯಷ್ಟೇ ರಕ್ಷಣೆ ಕೊಡುವುದು ಎಲ್ಲ ವಿಮಾ ಕಂಪನಿಗಳಿಗೂ ಕಡ್ಡಾಯ. ಆದ್ದರಿಂದ ಖಿನ್ನತೆಗಾಗಿ ಆಸ್ಪತ್ರೆಗೆ ದಾಖಲಾದರೆ ಆ ವೆಚ್ಚವನ್ನು ಏಳನೆಯ ಷರತ್ತು ತೋರಿಸಿ ನಿರಾಕರಿಸುವಂತಿಲ್ಲ.

ಅರ್ಜಿ ತುಂಬುವಾಗಿನ ಎಚ್ಚರ ಮಾತ್ರ ಎರಡು ಪಟ್ಟು ಇರಬೇಕು. ಹಾರ್ಮೋನು ತೆಗೆದುಕೊಳ್ಳುತ್ತಿರುವುದು, ಹಿಂದೆ ಆದ ಶಸ್ತ್ರಚಿಕಿತ್ಸೆ ಇವನ್ನು ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬಾರದು. ಮುಚ್ಚಿಟ್ಟ ಸಂಗತಿ ಮುಂದೆ ಮೂಳೆ ಮುರಿತದ ಕ್ಲೇಮಿಗೂ ಕುತ್ತಾಗಬಹುದು. 2024ರ ನಿಯಮದಂತೆ ಸತತ 60 ತಿಂಗಳು ಪಾಲಿಸಿ ನಡೆದ ಮೇಲೆ, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟರೆಂಬ ಕಾರಣಕ್ಕೆ ಕ್ಲೇಮು ತಿರಸ್ಕರಿಸುವಂತಿಲ್ಲ. ಅದಕ್ಕೆ ಮುನ್ನ ಕಂಪನಿಯದೇ ಮೇಲುಗೈ.

ಇನ್ನೊಂದು ತೊಡಕು ದಾಖಲೆಗಳ ನಡುವಿನ ವ್ಯತ್ಯಾಸ. ಆಧಾರ್‌ನಲ್ಲಿ ಒಂದು ಹೆಸರು, ಪ್ಯಾನ್‌ನಲ್ಲಿ ಇನ್ನೊಂದು, ಪಾಲಿಸಿಯಲ್ಲಿ ಹಳೆಯ ಲಿಂಗ, ಆಸ್ಪತ್ರೆ ಬಿಲ್ಲಿನಲ್ಲಿ ಹೊಸ ಲಿಂಗ. ಪ್ಯಾನ್ ಅರ್ಜಿಯಲ್ಲಿ 2018ರಿಂದ ಪ್ರತ್ಯೇಕ ಆಯ್ಕೆ ಇದೆ. ಮೊದಲು ಆಧಾರ್, ನಂತರ ಪ್ಯಾನ್, ಬ್ಯಾಂಕು, ಕಡೆಗೆ ಪಾಲಿಸಿ ಎಂಬ ಕ್ರಮದಲ್ಲಿ ತಿದ್ದಿಸಿಕೊಂಡರೆ ಒಂದರ ಆಧಾರದಲ್ಲಿ ಮುಂದಿನದು ಸುಲಭ. ಪಾಲಿಸಿಯಲ್ಲಿ ‘ಪುರುಷ’ ಎಂದಿರುವವರ ಗರ್ಭಕೋಶದ ಗಡ್ಡೆಯ ಕ್ಲೇಮು, ‘ಮಹಿಳೆ’ ಎಂದಿರುವವರ ಪ್ರಾಸ್ಟೇಟಿನ ಕ್ಲೇಮು ತಪ್ಪು ದಾಖಲೆಯೆಂದು ನಿಂತುಬಿಡುವ ಸಾಧ್ಯತೆ ಇದೆ. ಇವು ಲಿಂಗ ಬದಲಾವಣೆಯ ಚಿಕಿತ್ಸೆಗಳಲ್ಲ, ಸಾಮಾನ್ಯ ಕಾಯಿಲೆಗಳು. ವೈದ್ಯರು ಡಿಸ್ಚಾರ್ಜ್ ಸಾರಾಂಶದಲ್ಲಿ ಕಾಯಿಲೆಯ ಹೆಸರನ್ನೂ ಚಿಕಿತ್ಸೆಯ ಅಗತ್ಯವನ್ನೂ ಸ್ಪಷ್ಟವಾಗಿ ಬರೆದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ನಿರಾಕರಿಸಿದರೆ

ಲಿಂಗತ್ವದ ಕಾರಣಕ್ಕೇ ಪಾಲಿಸಿ ಕೊಡಲು ನಿರಾಕರಿಸುವುದು ಬೇರೆ, ಕೊಟ್ಟ ಪಾಲಿಸಿಯಲ್ಲಿ ಒಂದು ಚಿಕಿತ್ಸೆಯನ್ನು ಹೊರಗಿಡುವುದು ಬೇರೆ. ಮೊದಲನೆಯದಕ್ಕೆ 2019ರ ಕಾಯ್ದೆಯ 3ನೇ ಕಲಮು ಅಡ್ಡ ಬರುತ್ತದೆ. ಸಾರ್ವಜನಿಕರಿಗೆ ಲಭ್ಯವಿರುವ ಸೇವೆಗಳಲ್ಲಿ ತಾರತಮ್ಯ ಮಾಡುವುದನ್ನು ಅದು ನಿಷೇಧಿಸಿದೆ. ಎರಡನೆಯದು ಒಪ್ಪಂದದ ಷರತ್ತು. ಷರತ್ತು ಸ್ಪಷ್ಟವಾಗಿ ಮುದ್ರಿತವಾಗಿರುವಾಗ ಶಸ್ತ್ರಚಿಕಿತ್ಸೆಯ ಹಣಕ್ಕಾಗಿ ದೂರು ಕೊಟ್ಟು ಗೆಲ್ಲುವುದು ಕಷ್ಟ. ಆ ಷರತ್ತೇ ಸರಿಯೇ ಎಂಬುದು ಉಚ್ಚ ನ್ಯಾಯಾಲಯದ ಮುಂದೆ ಕೇಳಬೇಕಾದ ಪ್ರಶ್ನೆ. ಆದರೆ ಸಂಬಂಧವಿಲ್ಲದ ಕಾಯಿಲೆಗೂ ಅದೇ ಷರತ್ತನ್ನು ಅನ್ವಯಿಸಿದ್ದರೆ, ಸಮೂಹ ವಿಮೆಯಲ್ಲಿ ಒಳಗೊಂಡ ಚಿಕಿತ್ಸೆಯನ್ನು ತಳ್ಳಿಹಾಕಿದ್ದರೆ, ಸುಮ್ಮನಿರಬೇಕಾಗಿಲ್ಲ.

ಮೊದಲು ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಲಿಖಿತವಾಗಿ ಬರೆಯಬೇಕು. ನಿರಾಕರಣೆಗೆ ಯಾವ ಷರತ್ತು ಕಾರಣ ಎಂಬುದನ್ನು ಕಂಪನಿ ಲಿಖಿತವಾಗಿ ತಿಳಿಸಬೇಕಾಗುತ್ತದೆ. ಪ್ರಾಧಿಕಾರದ ‘ಬಿಮಾ ಭರೋಸಾ’ ವ್ಯವಸ್ಥೆಯಲ್ಲಿ, 155255 ದೂರವಾಣಿಯಲ್ಲಿ ದೂರು ದಾಖಲಿಸಬಹುದು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿ ತರದಿದ್ದರೆ ಒಂದು ವರ್ಷದೊಳಗೆ ವಿಮಾ ಒಂಬುಡ್ಸ್‌ಮನ್ ಮೊರೆಹೋಗಬೇಕು. ಕರ್ನಾಟಕದವರಿಗೆ ಈ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷ ರೂಪಾಯಿವರೆಗಿನ ವಿವಾದಗಳನ್ನು ಕೇಳುವ ಅಧಿಕಾರ ಒಂಬುಡ್ಸ್‌ಮನ್‌ರಿಗಿದೆ. ಅವರ ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರರನ್ನಲ್ಲ. ಒಪ್ಪಿಗೆಯಾಗದ ದೂರುದಾರರು ಗ್ರಾಹಕ ಆಯೋಗಕ್ಕೆ ಹೋಗಬಹುದು. ದೂರಿನೊಂದಿಗೆ ಪಾಲಿಸಿಯ ಪ್ರತಿ, ನಿರಾಕರಣೆ ಪತ್ರ, ಡಿಸ್ಚಾರ್ಜ್ ಸಾರಾಂಶ, ಬಿಲ್ಲುಗಳು, ಕಂಪನಿಯೊಂದಿಗೆ ನಡೆದ ಪತ್ರವ್ಯವಹಾರ ಇರಬೇಕು. ಹೆಸರು ಬದಲಾಗಿರುವವರು ಹಳೆಯ ಮತ್ತು ಹೊಸ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಅಥವಾ ಗೆಜೆಟ್ ಪ್ರಕಟಣೆಯ ಪ್ರತಿಯನ್ನೂ ಲಗತ್ತಿಸಬೇಕು.